ಸಿಡಿಲಮರಿ ತಂಡದ ಸುಳಿ ತಪಾಸಣೆ

ಬಸ್ಸಿನಲ್ಲಿ ಕೂತರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ನಾನು ಮುಂದಿನ ಸೀಟಿನವರ ನೆತ್ತಿ ನೋಡುತ್ತೇನೆ. ಕೂದಲು ಎಲ್ಲಿಂದ ಹೊರಡುತ್ತದೆ, ಬಲಕ್ಕೆ ತಿರುಗುತ್ತದೋ ಎಡಕ್ಕೋ, ಸುಳಿ ನಡುನೆತ್ತಿಯಲ್ಲಿದೆಯೋ ಪಕ್ಕಕ್ಕೆ ಜರುಗಿದೆಯೋ ಎಂದೆಲ್ಲ ನೋಡುತ್ತ ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿ ಮುಟ್ಟುವಷ್ಟರಲ್ಲಿ ಹತ್ತು ಹನ್ನೆರಡು ತಲೆ ಮುಗಿಸಿರುತ್ತೇನೆ. ಮೊನ್ನೆ ಒಬ್ಬರು ಮೇಷ್ಟ್ರು ತಟ್ಟನೆ ಹಿಂದೆ ತಿರುಗಿ, "ಏನ್ರೀ, ಹೇನು ಅದಾವೇನು?" ಎಂದು ಕೇಳಿಬಿಟ್ಟರು. "ಛೇ ಛೇ, ರಾಜಸುಳಿ ಐತ್ರಿ ನಿಮಗ. ಮುಂದ ಭಾಳ ಛಲೋ ಆಗತೈತಿ" ಎಂದೆ. ಸಿಟ್ಟಿಗೆಂದು ತೆರೆದಿದ್ದ ಬಾಯಿ ಹಾಗೇ ನಗೆಗೆ ಹೊರಳಿತು. ತಮ್ಮ ಪಕ್ಕದ ಖಾಲಿ ಸೀಟು ತಟ್ಟಿ, "ಇಲ್ಲೇ ಬರ್ರಿ, ಆರಾಮಾಗಿ ನೋಡ್ರಿ" ಎಂದರು. ಆದ್ದರಿಂದ ನಿಮಗೊಂದು ಬುದ್ಧಿಮಾತು: ಸಿಕ್ಕಿಬಿದ್ದಾಗ ಕ್ಷಮೆ ಕೇಳಬೇಡಿ. ಒಂದು ಒಳ್ಳೆಯ ಸುದ್ದಿ ಹೇಳಿ.

ಈ ಚಟ ನನಗೆ ಎತ್ತಿನ ಸಂತೆಯಿಂದ ಅಂಟಿದ್ದು. ಈಗ ನಾನು ಹಳೆಯ ಪಂಪ್‌ಸೆಟ್ಟು, ಹಳೆಯ ಎಂಜಿನ್ನು ಕೊಂಡು ಮಾರುವವನಾದರೂ ನನ್ನ ವಿದ್ಯಾಭ್ಯಾಸ ನಡೆದದ್ದು ಕೊಟ್ಟೂರಿನ ಕಡೆಯ ಎತ್ತಿನ ಸಂತೆಗಳಲ್ಲಿ, ಮುದುಕ ದಲ್ಲಾಳಿಯೊಬ್ಬನ ಹಿಂದೆ ತಿರುಗುತ್ತ. ಹಲ್ಲು ಎಣಿಸುವುದು, ಗೊರಸು ತಟ್ಟುವುದು, ಬಾಲದ ಬುಡ ಮುಟ್ಟಿ ನೋಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಮೈಮೇಲಿನ ಸುಳಿ ಓದುವುದು. ಬೆನ್ನ ಮೇಲೆ ಇಂಥ ಕಡೆ ಸುಳಿಯಿದ್ದರೆ ಮನೆಗೆ ಲಕ್ಷ್ಮಿ, ನಾಲ್ಕು ಬೆರಳು ಹಿಂದಿದ್ದರೆ ಮನೆಯ ಯಜಮಾನನಿಗೇ ಕುತ್ತು. ಮುದುಕ ನನಗೆ ಕೊನೆಗೆ ಹೇಳಿಕೊಟ್ಟ ಗುಟ್ಟು ಇಷ್ಟೇ: "ನೋಡಪಾ, ಕೊಳ್ಳೋರ ಕಡಿ ನಿಂತ್ರ ಸುಳಿ ಕೆಟ್ಟದ್ದು. ಮಾರೋರ ಕಡಿ ನಿಂತ್ರ ಅದಾ ಸುಳಿ ಛಲೋದು. ಎತ್ತಿಗೆ ಇದ್ಯಾವ್ದೂ ಗೊತ್ತಿಲ್ಲ. ನೀನೂ ಹೇಳಾಕ ಹೋಗಬ್ಯಾಡ." ಈ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿಸಿದ್ದೇನೆ.

ನನ್ನ ಸ್ವಂತ ಸುಳಿಯ ಬಗ್ಗೆ ಅವ್ವನಿಗೆ ಬೇರೆಯೇ ಅಭಿಪ್ರಾಯವಿತ್ತು. ಭಾನುವಾರ ತಲೆಗೆ ಹರಳೆಣ್ಣೆ ತಟ್ಟುವಾಗ, ಎಣ್ಣೆ ಕಿವಿಯ ಹಿಂದೆ ಇಳಿದು ಕಣ್ಣಿಗೆ ಬಂದು ನಾನು ಒದರಾಡುವಾಗ, ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ಇವನ ಸುಳಿ ನಾಲಿಗಿ ಮ್ಯಾಲಿರಬೇಕಾಗಿತ್ತವ್ವ, ದಾರಿ ತಪ್ಪಿ ನೆತ್ತಿಗೆ ಹೋಗೈತಿ." ಅವ್ವನ ಮಾತು ಎಷ್ಟು ಖರೆ ಎಂಬುದು ನನಗೆ ತಿಳಿದದ್ದು ನಡುವಯಸ್ಸಿನಲ್ಲಿ, ಒಂದು ವಾಲಿಬಾಲ್ ತಂಡದ ದೆಸೆಯಿಂದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಹಗರಿಬೊಮ್ಮನಹಳ್ಳಿಗೆ ಆಗ ರೈಲ್ವೆ ಸ್ಟೇಷನ್ ಇತ್ತು, ಜನ ಹತ್ತುವ ಗಾಡಿ ಇರಲಿಲ್ಲ. ಪ್ಲಾಟ್‌ಫಾರಂ ಮೇಲೆ ಓಣಿಯವರು ಶೇಂಗಾ ಒಣಗಿಸುತ್ತಿದ್ದರು. ಅದರ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಬಲೆ ಕಟ್ಟಿ, ಸುಣ್ಣದ ಗೆರೆ ಎಳೆದು ಸ್ಟೇಷನ್ ಓಣಿಯ ಹುಡುಗರು ಒಂದು ತಂಡ ಮಾಡಿಕೊಂಡಿದ್ದರು. ಹೆಸರು ಸಿಡಿಲಮರಿ. ಸಿಡಿಲು ಒಂದೇ ಕಡೆ ಎರಡು ಸಲ ಬೀಳುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಮರಿಗಳು ಒಂದು ಸಲವೂ ಎಲ್ಲಿಯೂ ಬಿದ್ದವರಲ್ಲ.

ಅವರು ಸೋಲುತ್ತಿದ್ದ ರೀತಿಗೆ ಒಂದು ಪ್ರತಿಭೆ ಇತ್ತು ಎನ್ನಲೇಬೇಕು. ಹಡಗಲಿಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡವನೊಬ್ಬ ಎಡಗೈಯಲ್ಲಿ ಸರ್ವಿಸ್ ಮಾಡಿ ಇವರನ್ನು ಮುಗಿಸಿದ. ಹಂಪಸಾಗರದಲ್ಲಿ ಬುಡೇನ್ ಹೊಡೆದ ಚೆಂಡು ನೇರ ಹಿನ್ನೀರಿಗೆ ಹೋಗಿ, ಮೀನು ಹಿಡಿಯುವವರು ತೆಪ್ಪದಲ್ಲಿ ತಂದುಕೊಡುವವರೆಗೆ ಆಟ ನಿಂತಿತ್ತು. ಈ ಬುಡೇನ್ ನಮ್ಮ ತಂಡದ ಹೊಡೆತಗಾರ. ತೋಳು ನೊಗದಷ್ಟು ದಪ್ಪ, ಗುರಿ ಮಾತ್ರ ದೇವರಿಗೆ ಬಿಟ್ಟದ್ದು. ಹರಪನಹಳ್ಳಿಯಲ್ಲಿ ಎದುರು ತಂಡ ಬಾರದೆ ನಮಗೆ ವಾಕೋವರ್ ಸಿಕ್ಕಿತು. ಮೊದಲ ಗೆಲುವಿನ ಖುಷಿಯಲ್ಲಿ ಒಂಬತ್ತೂ ಜನ ಮಂಡಕ್ಕಿ ಮಿರ್ಚಿ ತಿನ್ನಲು ಹೋದರು. ತಿಂದು ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಮುಂದಿನ ಪಂದ್ಯದವರು ಇವರು ಇಲ್ಲವೆಂದು ವಾಕೋವರ್ ತೆಗೆದುಕೊಂಡು ಮನೆಗೆ ಹೋಗಿದ್ದರು. ಒಂದೇ ಮಧ್ಯಾಹ್ನ ಆಡದೆ ಗೆದ್ದು ಆಡದೆ ಸೋತ ತಂಡ ಈ ಐದು ತಾಲ್ಲೂಕಿನಲ್ಲಿ ನಮ್ಮದೊಂದೇ.

ಅಭಿಮಾನಿಗಳ ಮುಖಂಡ ಅಂಜಿನಪ್ಪ. ರೈಲ್ವೆ ಗೇಟು ಕಾದು ರಿಟೈರಾದವನು. ಗೇಟು ಬಿಟ್ಟರೂ ಕೆಂಪು, ಹಸಿರು ಬಾವುಟಗಳ ಅಭ್ಯಾಸ ಬಿಟ್ಟಿರಲಿಲ್ಲ. ಮನೆಯಲ್ಲೇ ಹೊಲಿಸಿಕೊಂಡ ಒಂದು ಜೊತೆ ಹಿಡಿದು ಪ್ರತಿ ಪಂದ್ಯಕ್ಕೂ ಬರುತ್ತಿದ್ದ. ನಮ್ಮವರು ತೀರಾ ಹಿಂದೆ ಬಿದ್ದಾಗ ಅಂಕಣದೊಳಗೆ ನುಗ್ಗಿ ಕೆಂಪು ಬಾವುಟ ಬೀಸಿ ಆಟವನ್ನೇ ನಿಲ್ಲಿಸಲು ನೋಡುತ್ತಿದ್ದ. "ಅಪಘಾತ ಆಗೋದು ಕಣ್ಣಿಗೆ ಕಾಣ್ತೈತಿ, ನಿಲ್ಲಿಸ್ಬ್ಯಾಡಂದ್ರ ಹೆಂಗ?" ಎಂದು ರೆಫರಿಯ ಜೊತೆ ಜಗಳ.

ಓಣಿಯ ಹೆಂಗಸರ ನಿಷ್ಠೆ ಮಾತ್ರ ಬೇರೆ ಕಡೆಗಿತ್ತು. ಅದಕ್ಕೆ ಕಾರಣ ಕೊಟ್ರೇಶ. ಅವನು ನಮ್ಮ ತಂಡದ ಲಿಫ್ಟರ್. ಬಲೆಯ ಪಕ್ಕ ನಿಂತು, ಹಿಂದಿನಿಂದ ಬಂದ ಚೆಂಡನ್ನು ಹೊಡೆಯುವವನಿಗೆ ಅನುಕೂಲವಾಗುವಂತೆ ಎತ್ತಿ ಕೊಡುವ ಕೆಲಸ. ಹೊಟ್ಟೆಪಾಡಿಗೆ ಓಣಿಗಳಿಗೆ ನಲ್ಲಿ ನೀರು ಬಿಡುವ ನೀರಗಂಟಿ. ಪಂದ್ಯ ಉದ್ದವಾದರೆ ನೀರು ತಡ, ಬೇಗ ಸೋತರೆ ನೀರು ವೇಳೆಗೆ ಸರಿಯಾಗಿ. ಹೀಗಾಗಿ ಕೊಡ ಹಿಡಿದು ನಿಂತ ಹೆಂಗಸರು ಮನಸ್ಸಿನೊಳಗೇ ಎದುರು ತಂಡವನ್ನು ಹರಸುತ್ತಿದ್ದರು. ನಮ್ಮ ಮನೆಯಾಕೆ ಬಾಯಿಬಿಟ್ಟೇ ಹರಸುತ್ತಿದ್ದಳು.

ಮುಂಗಾರು ಹಿಡಿದರೆ ಟೂರ್ನಮೆಂಟುಗಳು ನಿಲ್ಲುತ್ತವೆ. ಆಟವಿಲ್ಲದಾಗಲೇ ಅಭಿಮಾನಿಗಳ ಸಿಟ್ಟು ಹೆಚ್ಚುವುದು. ಬೈಯಲು ಕಣ್ಣೆದುರು ಏನೂ ಇರುವುದಿಲ್ಲವಲ್ಲ. ಆ ವರ್ಷ ಪ್ಲಾಟ್‌ಫಾರಂ ಮೇಲೆ ಶೇಂಗಾ ರಾಶಿಗಳ ನಡುವೆ ಮಹಾಸಭೆ ಸೇರಿತು. ಒಬ್ಬ ಚೆಂಡು ಬದಲಿಸಿ ಎಂದ. ಇನ್ನೊಬ್ಬ, "ಸಿಡಿಲಮರಿ ಅನ್ನೋ ಹೆಸರು ಭಾರ ಆಗೈತಿ, ಸೋನಿಮಳಿ ಅಂತ ಇಡ್ರಿ" ಎಂದ. ಕೊನೆಗೆ ಅಂಜಿನಪ್ಪ ಎದ್ದು ನಿಂತ.

"ಒಂಬತ್ತು ಮಂದಿ ಜಾಸ್ತಿ ಆದ್ರು. ಮೂವರನ್ನ ತೆಗದು ಒಗೀರಿ. ದರಿದ್ರ ಯಾರತ್ರ ಐತೋ ಅವರ ಜೋಡಿ ಹೋಗ್ಲಿ."

ಎಲ್ಲರೂ ಭಲೆ ಎಂದರು. ಯಾವ ಮೂವರು ಎಂದಾಗ ಮಾತ್ರ ಎಲ್ಲರೂ ಶೇಂಗಾ ಸುಲಿಯಲು ಶುರುಮಾಡಿದರು. ಒಬ್ಬನ ಹೆಸರೆತ್ತಿದರೆ ಅವನ ಮಾವ ಅಲ್ಲೇ ಕೂತಿದ್ದಾನೆ, ಇನ್ನೊಬ್ಬನ ಹೆಸರೆತ್ತಿದರೆ ಅವನ ಅಣ್ಣ ಎದ್ದು ನಿಲ್ಲುತ್ತಾನೆ. ಅಂಜಿನಪ್ಪನ ಕಣ್ಣು ತಿರುಗುತ್ತ ತಿರುಗುತ್ತ ನನ್ನ ಮೇಲೆ ನಿಂತಿತು.

"ಮಲ್ಲಣ್ಣ, ನೀ ಎತ್ತಿನ ಸುಳಿ ನೋಡಿ ನೇಗಿಲಿಗೆ ಬರ್ತೈತೋ ಇಲ್ಲೋ ಹೇಳ್ತಿ. ಈ ಒಂಬತ್ತರದೂ ನೋಡಿಬಿಡು."

"ಮನುಷ್ಯರಿಗೆ ನೋಡಂಗಿಲ್ಲ ಬಿಡೋ."

"ಇವರು ಯಾವತ್ತಾರ ಮನುಷ್ಯರಂಗ ಆಡ್ಯಾರೇನು?"

ನನಗೆ ಒಳಗೊಳಗೇ ಹಿಗ್ಗು. ಹೊಗಳಿದರೆ ಒಲ್ಲೆ ಎನ್ನುವ ಗುಣ ನನಗೆ ಎಂದೂ ಬರಲಿಲ್ಲ. ಆದರೆ ನಾನು ಮೂರ್ಖನೂ ಅಲ್ಲ. ಒಂದು ದಿನ ತಡೆಯಿರಿ ಎಂದು ಹೇಳಿ ಬಂದು, ತಾವಾಗಿಯೇ ಬಿಡಬೇಕೆಂದಿದ್ದ ಮೂವರನ್ನು ಗುಟ್ಟಾಗಿ ಹುಡುಕಿದೆ. ಒಬ್ಬನಿಗೆ ಮೊಣಕಾಲು ನೋವು. ಇನ್ನೊಬ್ಬ ಹಡಗಲಿಯಲ್ಲಿ ಕಿರಾಣಿ ಅಂಗಡಿ ಇಡುವವನು. ಮೂರನೆಯವನು ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ, ಮನೆಯವರ ಒತ್ತಾಯಕ್ಕೆ ಆಡುತ್ತಿದ್ದ. "ನಿಮಗ ಮೂವರಿಗೂ ದರಿದ್ರದ ಬೇಲಿಸುಳಿ ಐತಿ ಅಂತೀನಿ, ಸುಮ್ನ ತಲಿ ಬಗ್ಗಿಸ್ರಿ" ಎಂದು ಒಪ್ಪಿಸಿದೆ. ನೀವೂ ಬರೆದಿಟ್ಟುಕೊಳ್ಳಿ: ಬಹಿರಂಗ ನ್ಯಾಯ ಮಾಡುವ ಮುಂಚೆ ತೀರ್ಪು ಮುಗಿದಿರಬೇಕು.

ಮಾರನೆಯ ದಿನ ಒಂಬತ್ತು ಜನರನ್ನು ಸಾಲಾಗಿ ಕೂರಿಸಿದೆವು. ನಾನು ಬಾಚಣಿಗೆ ಹಿಡಿದು ಒಂದು ತುದಿಯಿಂದ ಹೊರಟೆ. ಹಿಂದೆ ಅಂಜಿನಪ್ಪ, ಅವನ ಹಿಂದೆ ಇಡೀ ಓಣಿ. ಮೊಣಕಾಲಿನವನ ನೆತ್ತಿಯಲ್ಲಿ ಬೇಲಿಸುಳಿ ಕಂಡೆ. ಅವನು ನಟನೆ ಹೆಚ್ಚಾಗಿ ಅತ್ತೇಬಿಟ್ಟ. ಅಂಗಡಿಯವನಲ್ಲಿಯೂ ಕಂಡೆ. ಬುಡೇನನ ನೆತ್ತಿಯಲ್ಲಿ ಕೂದಲೇ ಇರಲಿಲ್ಲ. ಸಾಕ್ಷಿ ಇಲ್ಲದ ಕಾರಣ ಖುಲಾಸೆ ಮಾಡಿದೆವು. ಇನ್ನು ಒಬ್ಬನೇ ಬಾಕಿ. ಕಣ್ಣು ಮುಚ್ಚುವವನು ಸಾಲಿನ ಕೊನೆಯಲ್ಲಿ ಆಗಲೇ ಕಣ್ಣು ಮುಚ್ಚಿ ಕೂತಿದ್ದ. ಅವನಿಗಿಂತ ಒಂದು ತಲೆ ಮುಂಚೆ ಕೊಟ್ರೇಶ.

ಬಾಚಣಿಗೆ ಆಡಿಸಿದ್ದೇ ತಡ, ನನ್ನ ಹೆಗಲ ಮೇಲಿಂದ ಇಣುಕಿದ ಅಂಜಿನಪ್ಪ ಚೀರಿದ: "ಯಪ್ಪಾ! ಎರಡು ಅದಾವು!"

ಹೌದು, ಎರಡಿದ್ದವು. ಪಕ್ಕಪಕ್ಕ, ಒಂದು ಬಲಕ್ಕೆ ತಿರುಗಿದರೆ ಒಂದು ಎಡಕ್ಕೆ. ಜನ ಮುಗಿಬಿದ್ದರು. ನಾನು ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನೂರು ಕಣ್ಣು ನನ್ನನ್ನೇ ನೋಡುತ್ತಿರುವಾಗ ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಸಂತೆಯಲ್ಲಿ ಬೆಲೆ ಇಳಿಸಲು ಆಡುತ್ತಿದ್ದ ಮಾತು ತಾನಾಗಿಯೇ ಹೊರಬಂತು: "ಜೋಡಿಸುಳಿ. ಇಂಥ ಎತ್ತಿನ್ನ ಹೂಡಿದ್ರ ಒಂದು ಕಣ್ಣು ಹೊಲದ ಕಡಿಗೆ, ಒಂದು ಕಣ್ಣು ಮನಿ ಕಡಿಗೆ."

"ಅದಕ್ಕಾ ಚೆಂಡು ಒಮ್ಮೆ ಅತ್ತಾಗ, ಒಮ್ಮೆ ಇತ್ತಾಗ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಷ್ಟು ವರ್ಷಗಳ ಸೋಲಿಗೆ ಕಾರಣ ಸಿಕ್ಕಿತೆಂಬ ಸಮಾಧಾನ ಎಲ್ಲರ ಮುಖದ ಮೇಲೆ. ಚೆಂಡನ್ನು ಅತ್ತಾಗ ಇತ್ತಾಗ ಕಳಿಸುತ್ತಿದ್ದವನು ಬುಡೇನ್, ಕೊಟ್ರೇಶ ಎತ್ತಿ ಕೊಡುತ್ತಿದ್ದದ್ದು ಸರಿಯಾಗಿಯೇ ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಕೊಟ್ರೇಶ ಬೆರಳಿಗೆ ಸುತ್ತಿಕೊಂಡಿದ್ದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, "ನೀರು ಬಿಡೋ ಹೊತ್ತಾತು" ಎಂದು ಎದ್ದು ಹೋದ. ಮೂವರ ಲೆಕ್ಕ ಅವನಿಂದಲೇ ತುಂಬಿತು; ಕಣ್ಣು ಮುಚ್ಚುವವನು ತಂಡದಲ್ಲೇ ಉಳಿದ.

ಒಂದು ಸಂಗತಿ ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಕೊಟ್ರೇಶನ ಮದುವೆಗೆ ಆಗ ಹದಿನೈದು ದಿನ ಉಳಿದಿತ್ತು. ಹೆಣ್ಣು ಗುಡೇಕೋಟೆಯ ಓಬಮ್ಮ. ಅವಳ ಅಪ್ಪ ಬೋರಯ್ಯ ಕುರಿ ವ್ಯಾಪಾರದವನು. ಸುದ್ದಿ ಕೂಡ್ಲಿಗಿ ಸಂತೆಯಲ್ಲಿ ಅವನ ಕಿವಿಗೆ ಬಿತ್ತು. ಎತ್ತಿನ ಶಾಸ್ತ್ರ ನನ್ನ ಬಾಯಿಯದಾಗಿರಬಹುದು. ಆದರೆ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂಬ ಮಾತು ನನ್ನದಲ್ಲ, ನಿಮ್ಮ ಅಜ್ಜಿಯೂ ಹೇಳಿರುತ್ತಾಳೆ. ಬೋರಯ್ಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ: "ನನ್ನ ಮಗಳು ಮೊದಲನೇಕಿ ಆದ್ರ ಮುಂದ ಸವತಿ ಬರ್ತಾಳ. ಎರಡನೇಕಿ ಆದ್ರ ಆ ಮೊದಲನೇಕಿ ಈಗೆಲ್ಲಿ ಅದಾಳ? ಇದು ತಿಳಿಯೋತನಕ ಮದುವಿ ಇಲ್ಲ."

ಕೊಟ್ರೇಶ ನನ್ನ ಅಂಗಡಿಗೆ ಬಂದು ಹಳೆಯ ಎಂಜಿನ್ನಿನ ಮೇಲೆ ಕೂತ.

"ಅಣ್ಣಾ, ಟೀಮಿನಾಗಿಂದ ತೆಗದ್ರಿ, ಸುಮ್ನಾದೆ. ಈಗ ಮದುವಿಯಾಗಿಂದಾನೂ ತೆಗದ್ರಿ."

"ನಾ ಎಲ್ಲಿ ತೆಗದ್ನೋ ತಮಾ?"

"ಒಂದು ಕಣ್ಣು ಹೊಲಕ್ಕ, ಒಂದು ಕಣ್ಣು ಮನಿಗೆ ಅಂದ್ರೆಲ್ಲ. ಹಂಗಿಲ್ರಿ ನಂದು. ಎರಡೂ ಕಣ್ಣು ಗುಡೇಕೋಟಿ ಕಡಿಗೇ ಅದಾವ."

ತಲೆ ಬೋಳಿಸಿಬಿಡು ಎಂದೆ. ಒಳಗಿನಿಂದ ನಮ್ಮ ಮನೆಯಾಕೆ, "ಬೋಳಿಸಿದ್ರ ಸುಳಿ ಇನ್ನಷ್ಟು ಚೆಂದಾಗಿ ಕಾಣತೈತಿ. ಮ್ಯಾಲೆ ಯಾರು ಸತ್ರಪಾ ಅಂತ ಬೀಗರು ಓಡಿ ಬರ್ತಾರ. ಎಂಥ ಶಾಣ್ಯಾರು!" ಎಂದಳು. ಅವಳ ಸಿಟ್ಟಿಗೆ ಕಾರಣವಿತ್ತು. ಮನಸ್ಸು ಕೆಟ್ಟ ಕೊಟ್ರೇಶ ನಮ್ಮ ಓಣಿಯ ನೀರು ಬಿಟ್ಟವನು ನಿಲ್ಲಿಸುವುದನ್ನು ಮರೆತು, ಸ್ಟೇಷನ್ ಓಣಿ ಕೆರೆಯಾಗಿತ್ತು. ಪಕ್ಕದ ಓಣಿಗೆ ಮೂರು ದಿನದಿಂದ ತೊಟ್ಟು ನೀರಿರಲಿಲ್ಲ.

ಸುಳಿಯ ಮಾತೆಲ್ಲ ಸುಳ್ಳು ಎಂದು ಒಪ್ಪಿಕೊಂಡರೆ? ಯೋಚಿಸಿದೆ. ಅಷ್ಟು ವರ್ಷ ನಾನು ಆಚೀಚೆ ಮಾಡಿದ ಎತ್ತುಗಳೆಲ್ಲ ಕೊರಳ ಗಂಟೆ ಆಡಿಸುತ್ತ ಕನಸಿನಲ್ಲಿ ಬಂದವು. ಒಪ್ಪಿಕೊಳ್ಳುವ ವಿಚಾರ ಬಿಟ್ಟು ಗುಡೇಕೋಟೆಯ ಬಸ್ಸು ಹಿಡಿದೆ. ಜೊತೆಗೆ ಕೊಟ್ರೇಶ. ಊರ ಹಿರಿಯನೆಂದು ಅಂಜಿನಪ್ಪ.

ಕಲ್ಲುಗುಡ್ಡಗಳ ನಡುವೆ ಬಸ್ಸು ಇಳಿದು ಬೋರಯ್ಯನ ಮನೆಗೆ ಹೋದೆವು. ಅವನು ನಮ್ಮ ಹೆಸರು ಕೇಳಲಿಲ್ಲ, ನಮ್ಮ ಚಪ್ಪಲಿ ನೋಡಿದ. ಇವನು ನನಗಿಂತ ಹಳೆಯ ಹುಲಿ ಎಂದು ಆಗಲೇ ತಿಳಿಯಿತು. ಕೊಟ್ರೇಶನನ್ನು ಕೂರಿಸಿ, ಕುರಿಯ ಉಣ್ಣೆ ಬಿಡಿಸುವ ಹಾಗೆ ಕೂದಲು ಬಿಡಿಸಿ, "ಒಂದು... ಎರಡು" ಎಂದು ಎಣಿಸಿದ. ಪಡಸಾಲೆಯ ಮೂಲೆಯಲ್ಲಿ ಓಬಮ್ಮ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಮಾತು ಬ್ಯಾಡ. ಬರ್ರಿ" ಎಂದು ಬೋರಯ್ಯ ಹೆಗಲ ಮೇಲಿನ ಟವಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಸಿದ.

ಸಂತೆ ನೋಡದವರಿಗೆ ಹೇಳುತ್ತೇನೆ. ಎತ್ತು ಕುರಿಗಳ ಬೆಲೆಯನ್ನು ನಾವು ಬಾಯಲ್ಲಿ ಆಡುವುದಿಲ್ಲ. ಟವಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತೇವೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಬೋರಯ್ಯ ನನ್ನ ಎರಡು ಬೆರಳು ಗಟ್ಟಿಯಾಗಿ ಹಿಡಿದ. ಎರಡು ಮದುವೆ. ನಾನು ಒಂದನ್ನು ಮಡಚಿದೆ. ಅವನು ಅದನ್ನು ಎಳೆದು ಬಿಚ್ಚಿದ. ನಾನು ಮತ್ತೆ ಮಡಚಿದೆ. ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಮುಖದಲ್ಲಿ ಕುರಿ ಮಾರುವಾಗಿನ ಅದೇ ದುಃಖ. ಬೇಸಿಗೆಯಲ್ಲದಿದ್ದರೂ ಇಬ್ಬರೂ ಬೆವತೆವು. ಅಂಜಿನಪ್ಪ ನಡುವೆ, "ಎಷ್ಟಕ್ಕ ಬಂತು?" ಎಂದು ಕೇಳುತ್ತಿದ್ದ. ಕೊನೆಗೆ ನಾನು ಎಲ್ಲ ವ್ಯಾಪಾರಗಳಲ್ಲಿ ಮಾಡುವುದನ್ನೇ ಮಾಡಿದೆ. ಒಂದು ಬೆರಳು ಪೂರ್ತಿ ಕೊಟ್ಟು, ಎರಡನೆಯದರ ನಡುಗೆಣ್ಣು ಒತ್ತಿದೆ. ಒಂದೂವರೆ.

ಬೋರಯ್ಯ ಕಣ್ಣು ತೆರೆದ. ಪದ್ಧತಿ ಮರೆತು ಬಾಯಿ ಬಿಟ್ಟು ಕೇಳಿದ: "ಒಂದೂವರಿ? ಅರ್ಧ ಮದುವಿ ಯಾವ ದೇಶದಾಗ ಐತಿ?"

ನನಗೂ ಗೊತ್ತಿರಲಿಲ್ಲ. ಆದರೆ ಮೊದಲು ಬೆಲೆ ಒಪ್ಪಿಸಬೇಕು, ಸರಕು ಆಮೇಲೆ ಹುಡುಕಬೇಕು. "ಅರ್ಧ ಅಂದ್ರ, ತಾಳಿ ಇರ್ತೈತಿ, ಸಂಸಾರ ಇರಂಗಿಲ್ಲ. ಬಾಳಿಗಿಡಕ್ಕ ಕಟ್ಟಿಸ್ತೀವಿ. ಅಲ್ಲಿಗೆ ಒಂದು ಸುಳಿ ತೀರ್ತು."

"ಕಟ್ಟಿದ ಮ್ಯಾಲೆ ಆ ಗಿಡ ಕಡೀತಾರ" ಎಂದ ಬೋರಯ್ಯ. "ಹೆಂಡ್ತಿ ಸತ್ತವಗ ಕೊಡಬೇಕೇನು ನನ್ನ ಮಗಳ್ನ?"

ಮಾತು ಮುರಿದು ಬಿತ್ತು. ಅವನು ಟವಲ್ ಎಳೆದುಕೊಂಡು ಕೊಡವಿದ. ಸಂತೆಯಲ್ಲಿ ಟವಲ್ ಕೊಡವಿದರೆ ಎದ್ದು ಹೋಗು ಎಂದರ್ಥ. ಕೊಟ್ರೇಶನ ಮುಖ ನೋಡಲಾಗದೆ ನಾನು ಜಂತೆ ಎಣಿಸುತ್ತಿದ್ದೆ. ಆಗ ಮೊರದ ಸದ್ದು ನಿಂತಿತು.

"ಸಾಯಬಾರ್ದು, ಮಾತಾಡಬಾರ್ದು, ಮನಿಗೆ ಬರಬಾರ್ದು. ಅಂಥಾಕಿ ಬೇಕಲ್ಲ?" ಎಂದಳು ಓಬಮ್ಮ. ಆಮೇಲೆ ನೇರ ಕೊಟ್ರೇಶನಿಗೆ: "ಆಟಕ್ಕ ನಿಂತಾಗ ನಿನ್ನ ಬಾಜೂಕ ಏನಿರ್ತಿತ್ತು?"

"ಕಂಬ" ಎಂದ ಅವನು, ನೆಲ ನೋಡುತ್ತ.

"ಅದಕ್ಕಾ ಕಟ್ಟು."

ಅವಳು ಅಂಜಿನಪ್ಪನ ಕಡೆ ತಿರುಗಿದಳು. "ಯಜಮಾನ್ರ, ಹೆಂಡ್ತಿ ನಿಂತ ಜಾಗದಿಂದ ಗಂಡನ್ನ ಓಡಿಸೋ ಪದ್ಧತಿ ನಿಮ್ಮೂರಾಗ ಐತೇನ್ರಿ?"

"ಇಲ್ಲವ್ವ, ಎಲ್ಲಾರ ಉಂಟಾ?" ಎಂದ ಅಂಜಿನಪ್ಪ.

"ಹಂಗಾರ ಮತ್ತ ಟೀಮಿನಾಗಿಂದ ಹೆಂಗ ತೆಗೀತೀರಿ?"

"ತಿರುಗಿ ತಗೋತೀವಿ ಬಿಡವ್ವ" ಎಂದ ಅಂಜಿನಪ್ಪ. ಟವಲ್ಲಿಲ್ಲದೆ, ಬೆರಳಿಲ್ಲದೆ, ಹುರುಳಿ ಹಸನು ಮಾಡುತ್ತಲೇ ಈ ಹುಡುಗಿ ಗಂಡನನ್ನೂ ಪಡೆದು ಅವನ ಆಟವನ್ನೂ ಮೇಲೆ ಹಾಕಿಸಿಕೊಂಡಿದ್ದಳು. ಬೋರಯ್ಯನಿಗೂ ಅದೇ ಅನಿಸಿರಬೇಕು. ಮಗಳನ್ನು ಹೊಸದಾಗಿ ಕಂಡವನಂತೆ ನೋಡುತ್ತ, "ಅಲ್ಲಬೇ, ಸೋಲೋ ಟೀಮಿನಾಗ ಆಡೋದು ಯಾಕ ಬೇಕು ಇವಗ?" ಎಂದ.

"ಕೂಡ್ಲಿಗ್ಯಾಗ ಆಟ ನೋಡಾಕ ನೀನಾ ಕರಕೊಂಡು ಹೋಗಿದ್ದೆಲ್ಲ. ಆ ಬೋಳುತಲಿಯಂವ ಚೆಂಡನ್ನ ಎಲ್ಲೆಲ್ಲೋ ಹೊಡೀತಿದ್ದ. ಇಂವ ಮತ್ತ ಎತ್ತಿ ಕೊಡ್ತಿದ್ದ. ಮತ್ತ ಹೊರಗ ಹೋಗ್ತಿತ್ತು. ಮತ್ತ ಎತ್ತಿ ಕೊಡ್ತಿದ್ದ. ಒಮ್ಮೆನೂ ಬೈಲಿಲ್ಲ. ಅದನ್ನ ನೋಡೇ ಹೂಂ ಅಂದಿದ್ದೆ ನಾನು."

ಮೊರದ ಸದ್ದು ಮತ್ತೆ ಶುರುವಾಯಿತು. ಬೋರಯ್ಯ ಟವಲ್ ಹೆಗಲಿಗೆ ಹಾಕಿಕೊಂಡು, "ಒಂದೂವರಿ. ಆತು ಬಿಡ್ರಿ" ಎಂದ.

ಅರ್ಧ ಮದುವೆ ಪೂರ್ತಿ ಮದುವೆಗಿಂತ ಕಷ್ಟದ್ದು ಎಂದು ನಮಗೆ ಊರಿಗೆ ಬಂದ ಮೇಲೆ ತಿಳಿಯಿತು. ಕಂಬಗಳು ಎರಡಿದ್ದವು. ಎರಡಕ್ಕೂ ಕಟ್ಟಿದರೆ ಅರ್ಧ ಅರ್ಧ ಸೇರಿ ಒಟ್ಟು ಎರಡು, ಒಂದೂವರೆಯ ಮಾತು ಮುರಿಯುತ್ತದೆ. ಒಂದಕ್ಕೇ ಕಟ್ಟಿದರೆ ಇನ್ನೊಂದು ಕಂಬ ಕೊಟ್ರೇಶನಿಗೆ ಏನಾಗಬೇಕು? ನಾದಿನಿ ಎಂದು ತೀರ್ಮಾನವಾಯಿತು. ಲಿಫ್ಟರ್ ಹೆಚ್ಚಾಗಿ ನಿಲ್ಲುವುದು ಯಾವ ಕಂಬದ ಕಡೆಗೆಂದು ಅಭಿಮಾನಿಗಳಲ್ಲಿ ಅರ್ಧ ದಿನ ವಾದ. ಅವನು ಆಡುವಾಗ ಒಬ್ಬರೂ ಅವನನ್ನು ನೋಡಿರಲಿಲ್ಲ ಎಂಬುದು ಆ ವಾದದಿಂದ ಹೊರಬಿತ್ತು. ಎಲ್ಲರೂ ನೋಡುತ್ತಿದ್ದದ್ದು ಬುಡೇನನನ್ನು. ಕೊನೆಗೆ ಕೊಟ್ರೇಶನೇ ಹೋಗಿ ಸ್ಟೇಷನ್ ಕಡೆಯ ಕಂಬದ ಪಕ್ಕ ನಿಂತ. ಅಲ್ಲಿ ನೆಲ ಅವನ ಪಾದದಷ್ಟೇ ಅಗಲಕ್ಕೆ ಸವೆದು ತಗ್ಗಾಗಿತ್ತು.

ಒಂದು ಬೆಳಿಗ್ಗೆ ನೀರು ಬಿಟ್ಟು ಬಂದವನು ಕೈಕಾಲು ತೊಳೆದು, ಅರಿಶಿನ ಕೊಂಬು ಕಟ್ಟಿದ ದಾರವನ್ನು ಆ ಕಂಬಕ್ಕೆ ಮೂರು ಗಂಟು ಹಾಕಿ ಕಟ್ಟಿದ. ಬೋರಯ್ಯ ಖುದ್ದು ಬಂದು ಗಂಟು ಎಳೆದು ನೋಡಿದ. ಬುಡೇನ್ ಅಕ್ಕಿಕಾಳು ಎಸೆದ. ಎಲ್ಲವೂ ಹೊರಗೆ ಬಿದ್ದವು. ನಮ್ಮ ಮನೆಯಾಕೆ ಕಂಬಕ್ಕೆ ಕುಂಕುಮ ಹಚ್ಚಿ, "ಪುಣ್ಯವಂತಿ, ಅಡಿಗಿ ಮಾಡಂಗಿಲ್ಲ" ಎಂದಳು. ಒಂದು ವಾರದ ಮೇಲೆ ಗುಡೇಕೋಟೆಯಲ್ಲಿ ಪೂರ್ತಿ ಮದುವೆಯೂ ಆಯಿತು. ನಾನು ಎರಡೂ ಕಡೆ ಉಂಡೆ.

ಮಳೆಗಾಲ ಕಳೆದು ಆಟದ ಕಾಲ ಬಂತು. ಏಳು ಜನರ ಹೊಸ ಸಿಡಿಲಮರಿ ತಂಡ ಮೊದಲ ಪಂದ್ಯವನ್ನು ನಮ್ಮ ಅಂಕಣದಲ್ಲೇ ಹಂಪಸಾಗರದವರ ಜೊತೆ ಆಡಿತು. ದರಿದ್ರ ತೊಲಗಿದೆ ಎಂದು ಓಣಿಗೆ ಓಣಿಯೇ ನೆರೆದಿತ್ತು. ಕೊಟ್ರೇಶ ಎತ್ತಿ ಕೊಟ್ಟ. ಬುಡೇನ್ ಹೊಡೆದ. ಚೆಂಡು ಶೇಂಗಾ ರಾಶಿಗೆ ಬಿತ್ತು. ಮತ್ತೆ ಎತ್ತಿ ಕೊಟ್ಟ. ಮತ್ತೆ ರಾಶಿಗೆ. ನೀರಿನ ಹೊತ್ತಿಗೆ ಸರಿಯಾಗಿ ಎಲ್ಲ ಮುಗಿದಿತ್ತು.

ಜನ ರೊಚ್ಚಿಗೆದ್ದರು. ಯಾರೋ ಚಪ್ಪಲಿ ತೂರಿದರು, ಅದೂ ಗುರಿ ತಪ್ಪಿತು. ಅಂಜಿನಪ್ಪ ಅಂಕಣದ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ: "ನಾ ಅವತ್ತಾ ಹೇಳಿದ್ದೆ! ಅವನ್ನ ತಿರುಗಿ ತಗೊಂಡಿದ್ದಾ ತಪ್ಪಾತು! ತೆಗೀರಿ ಕೊಟ್ರೇಶನ್ನ! ಇವತ್ತಾ ತೆಗೀರಿ!" ಹೌದು ಹೌದು ಎಂದು ನೂರು ಬಾಯಿ. ಕೊಟ್ರೇಶ ತಲೆ ತಗ್ಗಿಸಿ ಬೆರಳ ಪಟ್ಟಿ ಬಿಚ್ಚಲು ಶುರುಮಾಡಿದ.

ಕೊಡ ಹಿಡಿದ ಹೆಂಗಸರ ಸಾಲಿನಿಂದ ಓಬಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ತೆಗೀರಿ ಯಜಮಾನ್ರ, ಯಾರು ಬ್ಯಾಡಂದ್ರು? ಆದ್ರ ನಾ ಕಿರೇ ಹೆಂಡ್ತಿ. ನನ್ನ ಕೇಳಿದ್ರ ನಡಿಯಂಗಿಲ್ಲ. ಅಕ್ಕನ್ನ ಕೇಳ್ರಿ ಮೊದಲು."

ನಗು ಬರಬೇಕಿತ್ತು. ಬರಲಿಲ್ಲ. ಊರ ಹಿರಿಯರೆಲ್ಲ ನಿಂತು ಅಕ್ಕಿ ಹಾಕಿದ ಸಂಬಂಧ ಅದು. ಅಂಜಿನಪ್ಪ ಅತ್ತಿತ್ತ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬೇರೆ ದಾರಿ ಕಾಣದೆ ಕಂಬದ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ನಿಂತ. ಏನೋ ಮೆಲ್ಲಗೆ ಕೇಳಿದ. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದು ಮರಳಿ ಬಂದ.

"ಏನೂ ಅನ್ನವಲ್ಲಳು" ಎಂದ. "ಮೌನ ಅಂದ್ರ ಒಪ್ಪಿಗಿ ಅಂತಾರಪಾ."

"ಬ್ಯಾರೇರ ಮನ್ಯಾಗ ಇರಬಹುದು" ಎಂದಳು ಓಬಮ್ಮ, ಕೊಡ ಸೊಂಟಕ್ಕೇರಿಸುತ್ತ. "ನಮ್ಮಕ್ಕ ಸಿಟ್ಟು ಬಂದಾಗಷ್ಟಾ ಮಾತು ಬಿಡ್ತಾಳ."

ಕೊಟ್ರೇಶ ಬಿಚ್ಚಿದ ಪಟ್ಟಿಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡ.